ಹಿಂದಿನ ಕ್ರಾಸು

ಆಗೆಲ್ಲ ನಮ್ಮ ಮಾಗಡಿಯಲ್ಲಿ ಭಾನುವಾರ ಬಂತೆಂದರೆ ಒಂದೊಂದು ಮನೆಯಿಂದ ಒಂದೊಂದು ವಾಸನೆ ಬರುತ್ತಿತ್ತು. ಎದುರು ಮನೆಯಿಂದ ಎಣ್ಣೆಸ್ನಾನದ ಸೀಗೆಪುಡಿಯದು, ಮೂಲೆಮನೆಯಿಂದ ಹುರಿದ ಕಡಲೆಕಾಯಿಯದು, ನಮ್ಮ ಮನೆಯಿಂದ ಗ್ರೀಸಿನದು. ಒಳಗೆ ಅವ್ವ ಹುರುಳಿಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದರೂ ಹಿತ್ತಲಿಂದ ಬರುವ ಆ ಜಿಡ್ಡು ವಾಸನೆಯೇ ಮುಂದಾಗಿ ಮೂಗಿಗೆ ಹೊಡೆಯುತ್ತಿತ್ತು. ಮನೆಯಲ್ಲಿ ಹಳೇ ಗಾಡಿ ಇಟ್ಟುಕೊಂಡಿದ್ದವರ ಮಕ್ಕಳಿಗೆ ಈ ವಾಸನೆ ಗೊತ್ತಿರುತ್ತದೆ. ಅವರಿಗೆ ಅದು ಅಪ್ಪನ ವಾಸನೆ. ನನಗೂ ಹನ್ನೊಂದನೆಯ ವಯಸ್ಸಿನವರೆಗೆ ಹಾಗೇ ಇತ್ತು.

ನಮ್ಮ ಕಾರು ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನದು. ರಾಮನಗರದ ರೇಷ್ಮೆ ವ್ಯಾಪಾರಿಯೊಬ್ಬರ ಮನೆಯಲ್ಲಿದ್ದದ್ದು ತಾತನ ಕೈಗೆ ಬಂದು, ತಾತನಿಂದ ಅಪ್ಪನಿಗೆ ಬಂದಿತ್ತು. ಕಪ್ಪು ಬಣ್ಣ, ದುಂಡು ಬೆನ್ನು. ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎದ್ದು ಕೂರುತ್ತಿತ್ತು. ನಮ್ಮೂರಿಗೆ ರೈಲಿಲ್ಲ, ಬಸ್ಸೇ ಗತಿ. ಬಸ್ಸು ಇಲ್ಲದ ಹೊತ್ತಿನಲ್ಲಿ ಮದುವೆಗೋ ಆಸ್ಪತ್ರೆಗೋ ಹೋಗಬೇಕಾದವರು ನಮ್ಮ ಜಗಲಿಗೆ ಬಂದು "ಮಾದೇವಣ್ಣ ಅವ್ರಾ?" ಎನ್ನುತ್ತಿದ್ದರು. ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದುಬಿಡುತ್ತಿದ್ದ.

ಒಮ್ಮೆ ಆ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಅಪ್ಪನ ಬಲಗೈ ಮುರಿದಿತ್ತು. ಮೂಳೆ ಕೂಡಿಕೊಂಡಿತೇ ಹೊರತು ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗಾಡಿ ಓಡಿಸಲು ತೊಂದರೆಯಿರಲಿಲ್ಲ. ಗಾಡಿಯ ಕೆಳಗೆ ಇಳಿದು ತಲೆಯ ಮೇಲೆ ಕೈಯೆತ್ತಿ ಗ್ರೀಸ್ ಹೊಡೆಯಲು ಮಾತ್ರ ಆಗುತ್ತಿರಲಿಲ್ಲ. ಹಾಗಾಗಿ ಆ ಕೆಲಸ ನನ್ನದಾಯಿತು. ನಾನೇ ಹಟ ಮಾಡಿ ತೆಗೆದುಕೊಂಡದ್ದು.

ಹಿತ್ತಲಿನ ಹುಣಸೇಮರದ ಪಕ್ಕದಲ್ಲಿ ಎದೆಯುದ್ದದ ಒಂದು ಗುಂಡಿ ತೋಡಿದ್ದರು. ಅದರ ಮೇಲೆ ಕಾರು ನಿಲ್ಲಿಸಿ, ನಾನು ಗ್ರೀಸ್ ಗನ್ ಹಿಡಿದು ಕೆಳಗಿಳಿಯುತ್ತಿದ್ದೆ. ಅಪ್ಪ ಮೇಲೆ ಕುಕ್ಕರಗಾಲಲ್ಲಿ ಕೂತು ಪಾಠ ಹೇಳುತ್ತಿದ್ದ.

"ಇಂಜಿನ್ನು ಮುಂದೈತೆ, ಎಳೆಯೋ ಚಕ್ರ ಹಿಂದೈತೆ. ಆ ಶಕ್ತಿನ ಹಿಂದಕ್ಕೆ ಹೊತ್ಕಂಡ್ ಹೋಗೋದು ಈ ಉದ್ದದ ಶಾಫ್ಟು. ಅದ್ರ ಎರಡು ತುದೀಲೂ ಒಂದೊಂದು ಕ್ರಾಸೈತೆ ನೋಡು. ನಮ್ಮ ಮಣಿಕಟ್ಟಿದ್ದಂಗೆ. ರಸ್ತೆ ಎತ್ತ ಕುಣಿಸಿದ್ರೆ ಅತ್ತ ಬಗ್ಗುತ್ತೆ."

ಕ್ರಾಸು ಎಂದರೆ ಕೂಡಿಸುವ ಗುರುತಿನ ಆಕಾರದ ಒಂದು ಕಬ್ಬಿಣ. ನಾಲ್ಕು ತುದಿಗೂ ನಾಲ್ಕು ಪುಟ್ಟ ಬಟ್ಟಲು. ಬಟ್ಟಲೊಳಗೆ ಸೂಜಿಯಷ್ಟು ಸಣ್ಣ ಉರುಳೆಗಳು. ಗ್ರೀಸು ಅಲ್ಲಿಗೆ ಹೋಗಬೇಕು. ಕ್ರಾಸಿನ ಮೈಯಲ್ಲಿ ಗ್ರೀಸು ತುಂಬಲೆಂದೇ ಇರುವ ಪುಟ್ಟ ಮೂತಿಗೆ, ಅಂದರೆ ನಿಪ್ಪಲ್ಲಿಗೆ, ಗನ್ನಿನ ಬಾಯಿ ಕಚ್ಚಿಸಿ ಒತ್ತುತ್ತಿದ್ದರೆ ಮೊದಲು ಹಳೆಯ ಕರೀ ಗ್ರೀಸು ಹೊರಗೆ ಬರುತ್ತದೆ, ಆಮೇಲೆ ಹೊಸದು.

"ಹೊಸಾದು ನಾಕೂ ಕಡೆಯಿಂದ ಇಣುಕ್ಬೇಕು ಕಣವ್ವ ಕಮ್ಲಿ. ಮೂರು ಕಡೆ ಬಂದು ಒಂದು ಕಡೆ ಬರ್ನಿಲ್ಲ ಅಂದ್ರೆ ಹಾಕಿದ್ದು ಲೆಕ್ಕಕ್ಕಿಲ್ಲ."

ಮುಂದಿನ ಕ್ರಾಸು ಸುಲಭ. ಹಿಂದಿನದು ಕಷ್ಟ. ಗಾಡಿ ನಿಂತಾಗ ಅದರ ನಿಪ್ಪಲ್ಲು ಎಷ್ಟೋ ಸಲ ಮೇಲ್ಮುಖವಾಗಿ ಹೊಟ್ಟೆಯ ತಗಡಿನ ಕಡೆ ತಿರುಗಿಕೊಂಡಿರುತ್ತಿತ್ತು. ಆಗ ಅಪ್ಪ ಕಾರಿಗೆ ಬೆನ್ನು ಕೊಟ್ಟು ಒಂದು ಗೇಣು ತಳ್ಳುತ್ತಿದ್ದ. ಶಾಫ್ಟು ಉರುಳಿ ನಿಪ್ಪಲ್ಲು ಕೆಳಗೆ ಬರುತ್ತಿತ್ತು. "ಬಂತಾ?" "ಇನ್ನೊಸಿ ಅಪ್ಪ." "ಈಗ?" "ಬಂತು!" ಇಷ್ಟೇ ನಮ್ಮ ಭಾನುವಾರದ ಮಾತುಕತೆ.

ಕೆಲಸ ಮುಗಿದ ಮೇಲೆ ನನ್ನನ್ನು ಹಿಡಿದು ತೊಳೆಯುವವಳು ಚಿಕ್ಕವ್ವ. ಗಿರಿಜಮ್ಮ ಅವಳ ಹೆಸರು, ನಂಜುಂಡ ಚಿಕ್ಕಪ್ಪನ ಹೆಂಡತಿ. ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಬಚ್ಚಲ ಕಲ್ಲಿನ ಮೇಲೆ ಕೂರಿಸಿಕೊಂಡು ಬೂದಿ, ಸೀಗೆಪುಡಿ ಹಾಕಿ ಒಂದೊಂದೇ ಉಗುರು ಉಜ್ಜುತ್ತಿದ್ದಳು. "ಯಾವ ಗಂಡು ಬತ್ತಾನವ್ವ ಈ ಕೈ ನೋಡಿ? ಮೆಕ್ಯಾನಿಕ್ಕೇ ಸರಿ ನಿಂಗೆ" ಎಂದು ನಗುತ್ತಿದ್ದಳು. ಉಜ್ಜಿ ಮುಗಿಸಿ, ತಾನೇ ಕುಟ್ಟಿದ ಹುಣಸೇಹಣ್ಣಿನ ಉಂಡೆಯನ್ನು ಕಡ್ಡಿಗೆ ಚುಚ್ಚಿ ಕೊಡುತ್ತಿದ್ದಳು. ಮದುವೆಯಾಗಿ ಏಳು ವರ್ಷವಾಗಿದ್ದರೂ ಅವಳಿಗೆ ಮಕ್ಕಳಿರಲಿಲ್ಲ. ನನಗೆ ಹನ್ನೊಂದು ತುಂಬಿದ ವರ್ಷ ಅವಳು ಬಸುರಿಯಾದಳು. ಆಗ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯಲು ಕಲಿತರು. ಸಾತನೂರಿನ ಅವಳ ತವರಿನಲ್ಲಿ ತಾಯಿ ಇರಲಿಲ್ಲ, ಆದ್ದರಿಂದ ಹೆರಿಗೆ ನಮ್ಮಲ್ಲೇ ಎಂದು ಅವ್ವ ಹೇಳಿದ್ದಳು.

ಆ ಸಂಕ್ರಾಂತಿ ಕಳೆದ ಮೇಲೆ ಮದುವೆಗಳು ಶುರುವಾದವು. ಅಪ್ಪನಿಗೆ ಬಿಡುವೇ ಇರಲಿಲ್ಲ. ಶನಿವಾರವೆಲ್ಲ ಗಾಡಿ ಓಡಿಸಿ ಬಂದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಬಿದ್ದುಕೊಳ್ಳುತ್ತಿದ್ದ.

"ಗುಂಡಿ ಮ್ಯಾಲೆ ನಿಲ್ಸಿವ್ನಿ. ಹಾಕ್ಬುಡು ಮಗ. ತಳ್ಳಾಕೆ ಚಿಕ್ಕಪ್ಪನ್ನ ಕರ್ಕೊ" ಎಂದು ಒಂದು ಭಾನುವಾರ ಹೇಳಿ ಕಣ್ಣು ಮುಚ್ಚಿದ.

ಮುಂದಿನದಕ್ಕೆ ಹಾಕಿದೆ. ಹಿಂದಿನದರ ನಿಪ್ಪಲ್ಲು ಮೇಲೆ ತಿರುಗಿತ್ತು. ಚಿಕ್ಕಪ್ಪ ತೋಟಕ್ಕೆ ಹೋಗಿದ್ದ. ಗುಂಡಿಯಿಂದ ಮೇಲೆ ಬಂದು ನಾನೇ ಕಾರಿಗೆ ಭುಜ ಕೊಟ್ಟೆ. ಅದು ಅಲುಗಲಿಲ್ಲ. ಬೇಲಿಯಾಚೆಯಿಂದ ಗೆಳತಿ ಜಯ ಕೂಗಿದಳು. "ಬತ್ತೀಯೇನೇ? ಕುಂಟೆಬಿಲ್ಲೆಗೆ ಮನೆ ಬರ್ದಾಯ್ತು, ನಿನ್ನ ಬುಟ್ಟೇ ಆಡ್ತೀವಿ!"

ಆಗ ನಾನೊಂದು ಕೆಲಸ ಮಾಡಿದೆ. ಮತ್ತೆ ಗುಂಡಿಗಿಳಿದು, ಡಬ್ಬದಿಂದ ಬೆರಳಲ್ಲಿ ಹೊಸ ಗ್ರೀಸು ತೆಗೆದು, ಹಿಂದಿನ ಕ್ರಾಸಿನ ನಾಲ್ಕೂ ಬಟ್ಟಲಿನ ಅಂಚಿಗೆ ಹೊರಗಿನಿಂದಲೇ ಸವರಿದೆ. ಒಳಗಿನಿಂದ ಇಣುಕಿದ ಹಾಗೆಯೇ ಕಾಣಬೇಕೆಂದು ಅಲ್ಲಲ್ಲಿ ದಪ್ಪಗೆ, ಅಲ್ಲಲ್ಲಿ ತೆಳ್ಳಗೆ ಮೆತ್ತಿದೆ. ಕೆಲಸ ತಪ್ಪಿಸಿಕೊಳ್ಳುವ ಆತುರದಲ್ಲೂ ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದೆ. ಗುಂಡಿಯಿಂದ ಹತ್ತಿ ಓಡಿದೆ. ಆವತ್ತು ಆಟದಲ್ಲಿ ಗೆದ್ದೆ ಕೂಡ.

ಅಪ್ಪ ಎದ್ದ ಮೇಲೆ ಬಗ್ಗಿ ನೋಡಿದ. ಹಳದಿ ಗ್ರೀಸು ಕಂಡಿತು. "ಭೇಷ್" ಎಂದ.

ಒಂದು ಸಲದ ಸುಳ್ಳು ಅರಗಿದರೆ ಎರಡನೆಯದಕ್ಕೆ ಹೆದರಿಕೆಯಾಗುವುದಿಲ್ಲ. ಯುಗಾದಿಯವರೆಗೆ ಹಾಗೆಯೇ ನಡೆಯಿತು. ನಿಪ್ಪಲ್ಲು ಕೆಳಗೆ ಬಂದು ನಿಂತಿದ್ದ ದಿನವೂ, ಗನ್ನು ಕಚ್ಚಿಸಿದರೆ ಸಾಕು ಅನ್ನುವಾಗಲೂ, ನಾನು ಬೆರಳಲ್ಲೇ ಸವರಿದೆ. ಅದು ಅಭ್ಯಾಸವಾಗಿತ್ತು. ಆ ಬೇಸಿಗೆ ಮಣ್ಣಿನ ರಸ್ತೆಗಳಲ್ಲಿ ಮದುವೆ ಜನವನ್ನು ಹೊತ್ತು ಕಾರು ಓಡಿದ್ದೇ ಓಡಿದ್ದು.

ಶಿವರಾತ್ರಿ ಕಳೆದ ಮೇಲೆ ಕಾರಿನ ಹೊಟ್ಟೆಯಿಂದ ಚಿಂವ್ ಚಿಂವ್ ಎಂಬ ಸದ್ದು ಶುರುವಾಯಿತು. ನಿಧಾನಕ್ಕೆ ಹೋಗುವಾಗ ಗುಬ್ಬಿಮರಿ ಸಿಕ್ಕಿಕೊಂಡ ಹಾಗೆ. ಅಪ್ಪ ನನ್ನನ್ನು ಕರೆದ.

"ಹಿಂದಿನ ಕ್ರಾಸಿಗೆ ಸರ್ಯಾಗಿ ಹಾಕ್ತಿದ್ದೀಯೇನವ್ವ?"

"ಹಾಕ್ತಿದ್ದೀನಿ."

"ನಾಕೂ ಕಡೆ ಬಂತಾ?"

"ಬಂತಪ್ಪ."

ಅವನು ಮತ್ತೆ ಬಗ್ಗಿ ನೋಡಿ, "ಗ್ರೀಸೇನೋ ಐತೆ. ಹಳೇದು, ಸವ್ದಿರ್ಬೇಕು. ಮದುವೆ ಕಾಲ ಮುಗೀಲಿ, ಬೆಂಗಳೂರಿಂದ ಹೊಸಾದು ತಂದಾಕ್ತೀನಿ" ಎಂದ. ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಎರಡು ಏಟು ಬೀಳುತ್ತಿತ್ತು, ಅಷ್ಟೇ. ನಾನು ಬಿಡಲಿಲ್ಲ.

ಯುಗಾದಿ ಕಳೆದು ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಮಧ್ಯಾಹ್ನ ಊಟದ ಹೊತ್ತು. ಚಿಕ್ಕವ್ವನ ಹೆರಿಗೆಗೆ ಇನ್ನೂ ಒಂದು ತಿಂಗಳಿತ್ತು. ಬಚ್ಚಲಿನಿಂದ "ಅಕ್ಕಾ" ಎಂದು ಕೂಗಿದಳು. ಅವ್ವ ಮುದ್ದೆ ತೊಳಸುವ ಕೋಲು ಬಿಟ್ಟು ಓಡಿದಳು. ನಾನು ಹಿಂದೆ ಹೋದಾಗ ಬಚ್ಚಲ ಕಲ್ಲಿನ ಮೇಲೆ ರಕ್ತವಿತ್ತು. ನಾಲ್ಕು ಮನೆಯಾಚೆಯಿದ್ದ ನರ್ಸಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ ಅಪ್ಪನ ಕಡೆ ತಿರುಗಿದರು.

"ಇದು ಇಲ್ಲಾಗೋ ಕೆಲ್ಸ ಅಲ್ಲ ಕಣಣ್ಣ. ಆಪರೇಷನ್ನೇ ಆಗ್ಬೇಕು. ರಾಮನಗರದ ದೊಡ್ಡಾಸ್ಪತ್ರೆಗೆ ಈಗ್ಲೇ ಹೊರಡಿ. ಬಟ್ಟೆಗಿಟ್ಟೆ ಅಂತ ಕೂರ್ಬೇಡಿ."

ಅಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದ. ಚಿಕ್ಕಪ್ಪ ಚಿಕ್ಕವ್ವನನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವ್ವ ಕಾಲ ಬಳಿ ಕೂತಳು. ಬಾಗಿಲಲ್ಲಿ ನಿಂತಿದ್ದ ನನ್ನ ಕೈಯನ್ನು ಚಿಕ್ಕವ್ವ ಹಿಡಿದುಕೊಂಡಳು, ಬಿಡಲಿಲ್ಲ. "ಕಮ್ಲೀನೂ ಬರ್ಲಿ" ಎಂದಳು. ನಾನು ಮುಂದಿನ ಸೀಟಿಗೆ ಹತ್ತಿ ಹಿಂದಕ್ಕೆ ಕೈ ಚಾಚಿಕೊಂಡು ಕೂತೆ.

ಕಾರು ಹೊರಟ ಕೂಡಲೇ ಚಿಂವ್ ಚಿಂವ್ ಕೇಳಿಸಿತು. ಊರು ದಾಟಿ ವೇಗ ಹೆಚ್ಚಾದಂತೆ ಆ ಸದ್ದು ನಿಂತು, ನೆಲದ ತಗಡಿನಿಂದ ಒಂದು ನಡುಕ ಹತ್ತಿ ನನ್ನ ಅಂಗಾಲಿಗೆ ಬರತೊಡಗಿತು. ಅಪ್ಪ ವೇಗ ಇಳಿಸಿದ.

"ಯಾಕಣ್ಣ ನಿಧಾನ?" ಹಿಂದಿನಿಂದ ಚಿಕ್ಕಪ್ಪ ಕಿರುಚಿದ. "ಓಡ್ಸಣ್ಣ! ಇವ್ಳ ಮುಖ ನೋಡು, ಬೆಳ್ಳಗಾಗ್ತಾ ಅವ್ಳೆ!"

ಅಪ್ಪ ಮತ್ತೆ ಒತ್ತಿದ. ನಡುಕ ಜೋರಾಯಿತು. ಚಿಕ್ಕವ್ವನ ಹಿಡಿತ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತಿತ್ತು. ಸಡಿಲವಾದಾಗಲೆಲ್ಲ ನಾನೇ ಬಿಗಿಯಾಗಿ ಹಿಡಿಯುತ್ತಿದ್ದೆ. ನನಗೆ ಗೊತ್ತಿತ್ತು. ಆ ಕಾರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಶಿವನೇ ಇದೊಂದು ಸಲ ತಲುಪಿಸಪ್ಪ, ಇನ್ನು ಯಾವತ್ತೂ ಸುಳ್ಳು ಹೇಳಲ್ಲ ಎಂದು ಲೆಕ್ಕವಿಲ್ಲದಷ್ಟು ಸಲ ಬೇಡಿಕೊಂಡೆ.

ಬಂಡೆಗಳ ನಡುವೆ ರಸ್ತೆ ಏರುವ ಜಾಗವೊಂದಿದೆ. ಅಲ್ಲಿ ಅಪ್ಪ ಗೇರು ಇಳಿಸಿ ಕ್ಲಚ್ಚು ಬಿಟ್ಟ. ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದೇ ಏಟು. ಆಮೇಲೆ ಕಬ್ಬಿಣ ರಸ್ತೆಯನ್ನು ಗೀರುವ ಸದ್ದು. ಇಂಜಿನ್ನು ಸುಮ್ಮನೆ ಅರಚುತ್ತಿತ್ತು, ಕಾರು ಮುಂದೆ ಹೋಗಲಿಲ್ಲ. ಹಿಂದಕ್ಕೆ ಜಾರತೊಡಗಿತು. ಅಪ್ಪ ಬ್ರೇಕು ಹಿಡಿದು, ಕೂಗಿ ನನ್ನ ಕೈಯಲ್ಲಿ ಚಕ್ರಕ್ಕೆ ಕಲ್ಲು ಕೊಡಿಸಿದ.

ಅವನು ರಸ್ತೆಯ ಮೇಲೆ ಅಂಗಾತ ಮಲಗಿ ಕೆಳಗೆ ನುಸುಳಿದ. ನಾನೂ ಮಂಡಿಯೂರಿ ನೋಡಿದೆ. ಶಾಫ್ಟಿನ ಹಿಂದಿನ ತುದಿ ಕಳಚಿ ರಸ್ತೆಗೆ ಬಿದ್ದಿತ್ತು. ಅಪ್ಪ ಒಡೆದ ಒಂದು ಬಟ್ಟಲನ್ನು ಎಡಗೈಯಲ್ಲಿ ತೆಗೆದುಕೊಂಡ. ಅದರ ಹೊರ ಅಂಚಿಗೆ ಹಳದಿ ಗ್ರೀಸು ದಪ್ಪಗೆ ಅಂಟಿತ್ತು. ಒಳಗೆ ಒಂದು ತೊಟ್ಟೂ ಇರಲಿಲ್ಲ. ಸೂಜಿ ಉರುಳೆಗಳೆಲ್ಲ ಅರೆದು ಕೆಂಪು ತುಕ್ಕಿನ ಪುಡಿಯಾಗಿದ್ದವು. ಬಟ್ಟಲನ್ನು ಓರೆ ಮಾಡಿದರೆ ಆ ಪುಡಿ ಒಣ ಕುಂಕುಮದ ಹಾಗೆ ಅವನ ಅಂಗೈಗೆ ಸುರಿಯಿತು. ಅಪ್ಪ ಅದನ್ನು ನೋಡಿದ. ಅಂಚಿನ ಗ್ರೀಸನ್ನು ಹೆಬ್ಬೆರಳಲ್ಲಿ ಒರೆಸಿ ನೋಡಿದ. ಆಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದ.

ಕಾರಿನ ನೆರಳಿನಲ್ಲಿ ಮಲಗಿ ಅವನು ನೋಡಿದ ಆ ನೋಟದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ನನಗಾಗಿ ಭಯ.

ಚಿಕ್ಕಪ್ಪ ಇಳಿದು ಬಂದಿದ್ದ. "ಏನಾಯ್ತಣ್ಣ?"

"ಕ್ರಾಸ್ ಮುರೀತು."

"ಅದೆಂಗ್ ಮುರೀತದೆ? ಗ್ರೀಸ್ ಹಾಕಿರ್ನಿಲ್ವಾ?"

ಅಪ್ಪ ಹೊರಗೆ ಬಂದು ಎದ್ದು ಕೂತ. ಬಟ್ಟಲನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ.

"ಇಲ್ಲ ಕಣ್ಲಾ. ಮದುವೆ ಗಲಾಟೇಲಿ ಮರ್ತ್ಬುಟ್ಟೆ. ಕಮ್ಲಿ ಹಾಕ್ತೀನಿ ಅಂದ್ಲು, ನಾನೇ ಬ್ಯಾಡ ಅಂದು ಆಮೇಲೆ ಮರ್ತೆ."

ಚಿಕ್ಕಪ್ಪ ಎರಡೂ ಕೈಯಲ್ಲಿ ಅಪ್ಪನ ಅಂಗಿ ಹಿಡಿದು ಅಲುಗಾಡಿಸಿದ. ಅಪ್ಪ ಅಲುಗಾಡಿಸಿಕೊಂಡ. ಒಳಗಿನಿಂದ ಅವ್ವ, "ಆಮೇಲೆ ಕಿತ್ತಾಡಿ, ಮೊದ್ಲು ಯಾವ್ದಾರ ಗಾಡಿ ನಿಲ್ಸಿ!" ಎಂದು ಅಳುತ್ತಾ ಕೂಗಿದಳು.

ಗಾಡಿ ಎಲ್ಲಿತ್ತು? ಬಸ್ಸು ಸಂಜೆಗೆ. ಬಂಡೆಗಳಿಂದ ಬಿಸಿ ಹಬೆಯಾಡುತ್ತಿತ್ತು. ಚಿಕ್ಕಪ್ಪ ಮೇಲಿನ ತಿರುವಿಗೆ ಓಡಿದ, ಅಪ್ಪ ಕೆಳಗಿನ ತಿರುವಿಗೆ. ನಾನು ಚಿಕ್ಕವ್ವನಿಗೆ ಲಂಗದ ಅಂಚಿನಲ್ಲಿ ಗಾಳಿ ಹಾಕುತ್ತಿದ್ದೆ. ಅವಳು ಕಣ್ಣು ಮುಚ್ಚಿ, "ಬಂತೇನವ್ವ? ಗಾಡಿ ಬಂತಾ?" ಎಂದು ಕೇಳುತ್ತಿದ್ದಳು. "ಬತ್ತಾ ಐತೆ ಚಿಕ್ಕವ್ವ" ಎನ್ನುತ್ತಿದ್ದೆ. ಅದೂ ಸುಳ್ಳೇ.

ಎಷ್ಟು ಹೊತ್ತಾಯಿತೋ, ಬಿಸಿಲು ಬಂಡೆಯ ಈ ಮಗ್ಗುಲಿಗೆ ಬಂದಿತ್ತು. ರಾಮನಗರದಲ್ಲಿ ರೇಷ್ಮೆಗೂಡು ಇಳಿಸಿ ಖಾಲಿ ಬರುತ್ತಿದ್ದ ಟೆಂಪೋ ಒಂದು ಸಿಕ್ಕಿತು. ಅದರ ಡ್ರೈವರು ಒಂದು ಮಾತೂ ಕೇಳಲಿಲ್ಲ. "ಹತ್ತಿಸ್ರಣ್ಣ, ತಿರುಗಿಸ್ತೀನಿ" ಎಂದ. ಗೂಡಿನ ಚೀಲಗಳನ್ನು ಹಾಸಿ ಚಿಕ್ಕವ್ವನನ್ನು ಮಲಗಿಸಿದರು. ಎತ್ತುವಾಗ ಅವಳ ಕೈ ನನ್ನ ಕೈಯಿಂದ ತಾನೇ ಜಾರಿತು. ಅವ್ವ, ಚಿಕ್ಕಪ್ಪ ಹತ್ತಿದರು. ಟೆಂಪೋ ಹೋಯಿತು.

ಅಪ್ಪ, ನಾನು ಕಾರಿನ ಹತ್ತಿರ ಉಳಿದೆವು. ಅವನು ರಸ್ತೆಬದಿಯ ಮೋರಿಯ ಮೇಲೆ ಕೂತ.

"ಯಾವಾಗಿಂದ?"

"ಸಂಕ್ರಾಂತಿಯಿಂದ."

ತಲೆಯಾಡಿಸಿದ. ಟವೆಲ್ ಬಿಚ್ಚಿ, ಬಟ್ಟಲಿನ ಹೊರಗಿನ ಗ್ರೀಸನ್ನೆಲ್ಲ ಒಂದು ಚೂರೂ ಉಳಿಯದ ಹಾಗೆ ಒರೆಸಿದ. ಮತ್ತೆ ಕಾರಿನ ಕೆಳಗೆ ಹೋಗಿ ಉಳಿದ ಮೂರನ್ನೂ ಒರೆಸಿದ. ಹೊರಗೆ ಬಂದು ನನ್ನ ಮುಖವನ್ನು ಆ ಜಿಡ್ಡು ಕೈಯಲ್ಲೇ ಹಿಡಿದುಕೊಂಡ.

"ಯಾರ್ಗೂ ಯೋಳ್ಬ್ಯಾಡ. ನಿಮ್ಮವ್ವಂಗೂ ಯೋಳ್ಬ್ಯಾಡ. ಎಷ್ಟು ದೊಡ್ಡೋಳಾದ್ರೂ ಯೋಳ್ಬ್ಯಾಡ. ನಿನ್ ಕೈಲಿ ಇದನ್ನ ಹೊರಾಕಾಗಕಿಲ್ಲ ಮಗ. ನಾನ್ ಹೊರ್ತೀನಿ."

ಗಂಡು ಮಗು. ಹೊರಗೆ ಬರುವ ಮೊದಲೇ ಉಸಿರು ನಿಂತಿತ್ತು. ಚಿಕ್ಕವ್ವ ಉಳಿದಳು, ಗರ್ಭಕೋಶ ಉಳಿಯಲಿಲ್ಲ. ಒಂದು ಗಂಟೆ ಮೊದಲು ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು ಆಸ್ಪತ್ರೆಯಲ್ಲಿ ಅಂದರಂತೆ. ಹೇಳಲಾಗದು ಎಂಬ ಆ ಮಾತನ್ನು ನಾನು ಎರಡೂ ಕಡೆಯಿಂದ ಎಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೋ!

ಹದಿನೈದು ದಿನಕ್ಕೆ ಚಿಕ್ಕವ್ವ ಮನೆಗೆ ಬಂದಳು. ಅಂಗಳದಲ್ಲಿ ನಿಂತಿದ್ದ ಅಪ್ಪನ ಮುಂದೆ ನಿಂತಳು. ಅದುವರೆಗೆ ಅವಳು ಅವನ ಎದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಭಾವ, ಕಂಡೋರ ಮನೆ ಮದುವೆಗೆಲ್ಲ ಗಾಡಿ ತೊಳ್ದು ಹೂವ ಕಟ್ಕಂಡ್ ಹೋಗ್ತಿದ್ರಿ. ನಮ್ಮನೆ ಕೂಸಿಗೆ ಒಸಿ ಗ್ರೀಸ್ ಹಾಕಾಕೆ ಮರ್ತೋಯ್ತಾ ನಿಮ್ಗೆ?"

"ತಪ್ಪಾಯ್ತವ್ವ" ಎಂದ ಅಪ್ಪ. ನಾನು ಬಾಗಿಲ ಹಿಂದೆ ನಿಂತು ಚಿಲಕ ಹಿಡಿದುಕೊಂಡಿದ್ದೆ. ಈಗ ಹೋಗು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೋಗಲಿಲ್ಲ.

ಆ ತಿಂಗಳಲ್ಲೇ ಚಿಕ್ಕಪ್ಪ, ಚಿಕ್ಕವ್ವ ಚನ್ನಪಟ್ಟಣಕ್ಕೆ ಹೋಗಿ ಬೇರೆ ಮನೆ ಮಾಡಿದರು. ಅಪ್ಪ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಹುಣಸೇಮರದ ಕೆಳಗೆ ಕಾರು ತುಕ್ಕು ಹಿಡಿದು, ಒಳಗೆ ಕೋಳಿ ಕಾವು ಕೂತು, ಕೊನೆಗೆ ಗುಜರಿಯವರು ಕತ್ತರಿಸಿಕೊಂಡು ಹೋದರು. ಅಪ್ಪ ಎಷ್ಟೋ ವರ್ಷ ಬಿಡದಿಯ ಕಾರು ಕಾರ್ಖಾನೆಯೊಂದರ ಗೇಟು ಕಾದ. ಈಗಿನ ಕಾರುಗಳ ಜಾಯಿಂಟುಗಳಿಗೆ ಗ್ರೀಸನ್ನು ಅಲ್ಲೇ ತುಂಬಿ ಮುಚ್ಚಿ ಕಳಿಸುತ್ತಾರೆ, ಮನೆಯಲ್ಲಿ ಯಾರೂ ಹಾಕಬೇಕಾಗಿಲ್ಲ ಎಂದು ಒಂದು ದಿನ ಊಟದ ನಡುವೆ ಹೇಳಿದ. "ಒಳ್ಳೇದಾಯ್ತು" ಎಂದು ಸೇರಿಸಿದ. ಆ ವಿಷಯ ನಮ್ಮ ನಡುವೆ ಬಂದದ್ದು ಅಷ್ಟೇ.

ಹಬ್ಬಕ್ಕೆ ಕರೆಯಲು ಅಪ್ಪ ಪ್ರತಿ ವರ್ಷ ಚನ್ನಪಟ್ಟಣಕ್ಕೆ ಹೋಗುತ್ತಿದ್ದ. ಚಿಕ್ಕವ್ವ ಬಾಗಿಲು ತೆಗೆಯುತ್ತಿರಲಿಲ್ಲ. ಜಗಲಿಯ ಮೇಲೆ ಹಣ್ಣು ಹೂವು ಇಟ್ಟು ಬರುತ್ತಿದ್ದ. ನನ್ನ ಮದುವೆಗೆ ಚಿಕ್ಕಪ್ಪ ಒಬ್ಬನೇ ಬಂದು ಅಕ್ಷತೆ ಹಾಕಿ ಹೋದ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಚಿಕ್ಕವ್ವ ಬೀದಿಯ ತುದಿಯವರೆಗೆ ಬಂದು ನಿಂತಿದ್ದಳಂತೆ, ಮುಖ ನೋಡಲು ಒಳಗೆ ಬರಲಿಲ್ಲ.

ಕಳೆದ ಮಾಗಿಯಲ್ಲಿ ನಾನು ಚನ್ನಪಟ್ಟಣಕ್ಕೆ ಹೋದೆ. ಅಪ್ಪನ ಮಾತು ಮುರಿಯಲೆಂದೇ ಹೋದೆ. ಚಿಕ್ಕವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ಪಕ್ಕದಲ್ಲಿ ಕೂತು, ನಿಪ್ಪಲ್ಲು ಮೇಲೆ ತಿರುಗಿದ್ದರಿಂದ ಹಿಡಿದು ಅಪ್ಪ ನಾಲ್ಕು ಬಟ್ಟಲನ್ನೂ ಒರೆಸಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಅವಳು ಸುಲಿಯುತ್ತಲೇ ಇದ್ದಳು. ಕಾಳು ಯಾವುದು, ಸಿಪ್ಪೆ ಯಾವುದು ಎಂದು ನೋಡದೆ ಎರಡನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದಳು. ಆಮೇಲೆ ಕೈ ನಿಂತಿತು.

"ನಿನ್ನ ಏನಂತ ಬೈಲಿ ನಾನು? ಹನ್ನೊಂದು ವರ್ಷದ ಕೂಸು ನೀನಾಗ" ಎಂದಳು. ಮೊರವನ್ನು ಬದಿಗೆ ಸರಿಸಿ, "ಆದ್ರೆ ಈಗ್ಯಾಕ್ ಬಂದ್ಯವ್ವ? ಭಾವ ಇದ್ದಾಗ ಬಂದಿದ್ರೆ..." ಎಂದು ನಿಲ್ಲಿಸಿದಳು. ಜಗಲಿಯ ಅಂಚನ್ನು ತೋರಿಸಿ ಮತ್ತೆ ಹೇಳಿದಳು. "ವರ್ಷ ವರ್ಷಾನೂ ಬಿಸಿಲಲ್ಲಿ ಬಂದು ಇದೇ ಜಗಲಿ ಮ್ಯಾಲೆ ಕೂತು ಹೋಗೋರು. ನಾನು ಕಿಟಕಿಯಿಂದ ನೋಡ್ತಿದ್ದೆ ಕಣೆ. ಒಂದು ಲೋಟ ನೀರು ಕೊಡ್ನಿಲ್ಲ. ಒಂದೇ ಒಂದು ಲೋಟ ನೀರು. ಇನ್ನ ಯಾರಿಗ್ ಕೊಡ್ಲಿ ಹೇಳು."

ಅವಳು ಮಗುವನ್ನು ಕಳೆದುಕೊಂಡದ್ದು ನನ್ನಿಂದ. ಇಷ್ಟು ವರ್ಷ ಅವಳು ಕೈಯಲ್ಲಿ ಹಿಡಿದುಕೊಂಡು ಬದುಕಿದ್ದ ಆ ಸಿಟ್ಟನ್ನೂ ಆವತ್ತು ನಾನೇ ಕಿತ್ತುಕೊಂಡಿದ್ದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಬಾ ಎಂದೂ ಕರೆಯಲಿಲ್ಲ. ಕತ್ತಲಾಗುವ ಮುಂಚಿನ ಮಾಗಡಿ ಬಸ್ಸಿಗೆ ಹೊತ್ತಾಗುವವರೆಗೆ ನಾನು ಆ ಜಗಲಿಯ ಮೇಲೆ ಕೂತೇ ಇದ್ದೆ.